ಸಾಲ ಡಾಲರ್‌ನಲ್ಲಿ, ದುಡಿಮೆ ಬಿರ್‌ನಲ್ಲಿ: ಎಥಿಯೋಪಿಯಾದ ಚೀನಾ ಟೆಲಿಕಾಂ ಸಾಲದ ಒಳಗುಟ್ಟು

2025ರ ಜುಲೈನಲ್ಲಿ ಎಥಿಯೋಪಿಯಾದಿಂದ ಎರಡು ಸುದ್ದಿ ಬಂದವು. ಸಾಲ ಕೊಟ್ಟ ದೇಶಗಳ ಸಮಿತಿ ಆ ದೇಶದ ಜೊತೆ ಒಪ್ಪಂದಕ್ಕೆ ಬಂತು ಎಂಬುದು ಮೊದಲನೆಯದು. 840 ಕೋಟಿ ಡಾಲರ್ ಸಾಲವನ್ನು ಮರುಹೊಂದಿಸಿ, ಅಂದರೆ ತೀರಿಸುವ ಷರತ್ತುಗಳನ್ನು ಬದಲಿಸಿ, 2028ರವರೆಗೆ 250 ಕೋಟಿ ಡಾಲರ್‌ಗೂ ಹೆಚ್ಚು ಹೊರೆ ಇಳಿಸುವ ಒಪ್ಪಂದ ಅದು. ಸಮಿತಿಯ ಸಹ ಅಧ್ಯಕ್ಷ ಸ್ಥಾನದಲ್ಲಿ ಇರುವುದು ಚೀನಾ ಮತ್ತು ಫ್ರಾನ್ಸ್. ಅದೇ ತಿಂಗಳು ಅಲ್ಲಿನ ಸರ್ಕಾರಿ ಕಂಪನಿ ಎಥಿಯೋ ಟೆಲಿಕಾಂ ತನ್ನ ವಾರ್ಷಿಕ ಆದಾಯ 16,200 ಕೋಟಿ ಬಿರ್ ಎಂದು ಘೋಷಿಸಿತು. ಬಿರ್ ಅಂದರೆ ಅಲ್ಲಿನ ಕರೆನ್ಸಿ. ಹಿಂದಿನ ವರ್ಷಕ್ಕಿಂತ ಸುಮಾರು ಶೇ 73ರಷ್ಟು ಜಾಸ್ತಿ.

ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆಬುಡ ಅರ್ಥವಾಗದೇ ಇದ್ದರೆ ಆಶ್ಚರ್ಯವಿಲ್ಲ. ಸಾಲದ ಕಂತು ಕಟ್ಟಲಾಗದ ದೇಶದಲ್ಲಿ ಟೆಲಿಕಾಂ ಕಂಪನಿ ಇಷ್ಟು ದುಡಿಯುತ್ತಿದೆ. ಆ ಕಂಪನಿಯ ಟವರ್, ಕೇಬಲ್, ಸ್ವಿಚ್ಚುಗಳಲ್ಲಿ ಬಹುಪಾಲು ಬಂದಿದ್ದು ಚೀನಾದಿಂದ, ಚೀನಾದ್ದೇ ಸಾಲದಲ್ಲಿ. ಹಾಗಾದರೆ ಇದು ಒಳ್ಳೆಯ ಸಾಲವಾ, ಕೆಟ್ಟ ಸಾಲವಾ? ಉತ್ತರ ಸಿಗಬೇಕಾದರೆ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

2006: ಬೇರೆ ಬಾಗಿಲು ತೆರೆದಿರಲಿಲ್ಲ

ಏಳು ಕೋಟಿಗೂ ಹೆಚ್ಚು ಜನರಿದ್ದ ಎಥಿಯೋಪಿಯಾದಲ್ಲಿ 2006ರ ಹೊತ್ತಿಗೆ ಮೊಬೈಲ್ ಸಂಪರ್ಕ ಹತ್ತು ಲಕ್ಷದ ಆಸುಪಾಸಿನಲ್ಲಿತ್ತು. ನೆರೆಯ ಕೀನ್ಯಾದಲ್ಲಿ ಖಾಸಗಿ ಕಂಪನಿಗಳು ಪೈಪೋಟಿಯಿಂದ ನೆಟ್‌ವರ್ಕ್ ಕಟ್ಟುತ್ತಿದ್ದವು. ಎಥಿಯೋಪಿಯಾ ಮಾತ್ರ ಖಾಸಗಿಯವರನ್ನು ಒಳಗೆ ಬಿಡಲಿಲ್ಲ. ಟೆಲಿಕಾಂ ಲಾಭವನ್ನು ರೈಲು ಮಾರ್ಗದಂಥ ದೊಡ್ಡ ಕೆಲಸಗಳಿಗೆ ಬಳಸುತ್ತೇವೆ ಎಂದು ಅಲ್ಲಿನ ಸರ್ಕಾರ ಬಹಿರಂಗವಾಗಿಯೇ ಹೇಳುತ್ತಿತ್ತು.

ಈ ನಿಲುವಿಗೆ ಬೆಲೆ ತೆರಬೇಕಾಯಿತು. ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳು ಸರ್ಕಾರಿ ಏಕಸ್ವಾಮ್ಯಕ್ಕೆ ಹಣ ಹಾಕಲು ಮನಸ್ಸು ಮಾಡುತ್ತಿರಲಿಲ್ಲ. ಮೊದಲು ಪೈಪೋಟಿಗೆ ಜಾಗ ಕೊಡಿ ಎನ್ನುತ್ತಿದ್ದವು. ಸಾಲದ್ದಕ್ಕೆ 2005ರ ಚುನಾವಣೆಯ ನಂತರದ ಹಿಂಸಾಚಾರದಿಂದಾಗಿ ಪಾಶ್ಚಾತ್ಯ ದೇಶಗಳು ಬಜೆಟ್‌ಗೆ ನೇರವಾಗಿ ಕೊಡುತ್ತಿದ್ದ ನೆರವನ್ನೂ ನಿಲ್ಲಿಸಿದವು. ಖಾಸಗಿ ಬಂಡವಾಳಕ್ಕೆ ಸರ್ಕಾರವೇ ಬಾಗಿಲು ಹಾಕಿತ್ತು, ನೆರವಿನ ಬಾಗಿಲನ್ನು ಕೊಡುವವರು ಹಾಕಿದ್ದರು.

ಆಗ ಬಂದಿದ್ದು ಚೀನಾದ ಝಡ್‌ಟಿಇ ಕಂಪನಿ. 150 ಕೋಟಿ ಡಾಲರ್‌ನ ಒಪ್ಪಂದ. ನೆಟ್‌ವರ್ಕ್ ಕಟ್ಟಿಕೊಡುತ್ತೇವೆ, ಹಣಕ್ಕೂ ವ್ಯವಸ್ಥೆ ಮಾಡುತ್ತೇವೆ, ನೀವು ವರ್ಷಗಟ್ಟಲೆ ನಿಧಾನವಾಗಿ ತೀರಿಸಿ ಎಂಬ ಮಾತು. ಟೆಂಡರ್ ಕರೆಯಲಿಲ್ಲ. ಎಥಿಯೋಪಿಯಾದ ಪಂಚಾಂಗದಲ್ಲಿ 2000ನೇ ವರ್ಷ ಶುರುವಾಗುವುದು ನಮ್ಮ ಲೆಕ್ಕದ 2007ರ ಸೆಪ್ಟೆಂಬರ್‌ನಲ್ಲಿ. ಆ ಸಹಸ್ರಮಾನದ ಸಂಭ್ರಮದ ಹೊತ್ತಿಗೆ ಜನರ ಕೈಗೆ ಫೋನ್ ಬರಬೇಕು ಎಂಬ ಅವಸರವೂ ಸರ್ಕಾರಕ್ಕಿತ್ತು. ಅವಸರದಲ್ಲಿರುವ ಗಿರಾಕಿ ಚೌಕಾಸಿ ಮಾಡುವುದು ಕಷ್ಟ.

ಮಾರುವವರೇ ಸಾಲ ಕೊಡಿಸಿದರೆ ಏನಾಗುತ್ತದೆ

ಇಂಥ ಸಾಲಕ್ಕೆ ವೆಂಡರ್ ಫೈನಾನ್ಸಿಂಗ್ ಎನ್ನುತ್ತಾರೆ. ಫ್ರಿಜ್ ಅಂಗಡಿಯವರೇ ಕಂತಿನ ಸಾಲ ಕೊಡಿಸಿದ ಹಾಗೆ. ಸಾಲ ಸುಲಭವಾಗಿ ಸಿಗುತ್ತದೆ, ಆದರೆ ಫ್ರಿಜ್ಜನ್ನು ಆ ಅಂಗಡಿಯಲ್ಲೇ ಕೊಳ್ಳಬೇಕು. ಪಕ್ಕದ ಅಂಗಡಿಯಲ್ಲಿ ಬೆಲೆ ಎಷ್ಟು ಎಂದು ಕೇಳುವ ಮಾತೇ ಇಲ್ಲ.

ಟೆಲಿಕಾಂನಲ್ಲಿ ಹಣ ಹೀಗೆ ಓಡಾಡುತ್ತದೆ. ಚೀನಾ ಡೆವಲಪ್‌ಮೆಂಟ್ ಬ್ಯಾಂಕ್ ಅಥವಾ ಚೀನಾ ಎಕ್ಸಿಮ್ ಬ್ಯಾಂಕ್‌ನಂಥ ಸರ್ಕಾರಿ ಬ್ಯಾಂಕ್ ಸಾಲ ಮಂಜೂರು ಮಾಡುತ್ತದೆ. ಹಣದ ಬಹುಪಾಲು ಆಫ್ರಿಕಾದ ಖಜಾನೆಗೆ ಬರುವುದೇ ಇಲ್ಲ. ಬೀಜಿಂಗ್‌ನ ಬ್ಯಾಂಕ್‌ನಿಂದ ಶೆನ್‌ಜೆನ್‌ನಲ್ಲಿರುವ ಕಂಪನಿಗೆ ಹೋಗುತ್ತದೆ. ಹಡಗಿನಲ್ಲಿ ಉಪಕರಣ ಬರುತ್ತದೆ. ತೀರಿಸುವ ಜವಾಬ್ದಾರಿ ಮಾತ್ರ ಎಥಿಯೋಪಿಯಾದ್ದು. ಚೀನಾಕ್ಕೆ ಇದರಿಂದ ಎರಡು ಲಾಭ: ತನ್ನ ಕಂಪನಿಗೆ ಮಾರುಕಟ್ಟೆ, ತನ್ನ ಬ್ಯಾಂಕಿಗೆ ಬಡ್ಡಿ.

ಇಲ್ಲಿ ಎಲ್ಲರೂ ಮೊದಲು ನೋಡುವುದು ಬಡ್ಡಿ ದರವನ್ನು. ನಿಜಕ್ಕೂ ಮೊದಲು ನೋಡಬೇಕಾದ್ದು ಉಪಕರಣದ ಬೆಲೆಯನ್ನು. ಟೆಂಡರ್ ಇಲ್ಲದಿದ್ದರೆ ಒಂದು ಬೇಸ್ ಸ್ಟೇಷನ್‌ಗೆ, ಅಂದರೆ ಟವರ್‌ನ ರೇಡಿಯೋ ಉಪಕರಣಕ್ಕೆ, ಸರಿಯಾದ ಬೆಲೆ ಎಷ್ಟು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಬೆಲೆಯಲ್ಲಿ ಅದನ್ನು ವಾಪಸ್ ಪಡೆಯುವುದು ಯಾವ ಮಾರಾಟಗಾರನಿಗೂ ಸಾಧ್ಯ. ಹಾಗೆ ಆಯಿತೋ ಇಲ್ಲವೋ ಎಂದು ಪರೀಕ್ಷಿಸುವ ಅವಕಾಶವನ್ನೇ ಕೊಳ್ಳುವವರು ಕಳೆದುಕೊಂಡಿರುತ್ತಾರೆ. ಎಥಿಯೋಪಿಯಾದ ಭ್ರಷ್ಟಾಚಾರದ ಬಗ್ಗೆ 2012ರಲ್ಲಿ ವಿಶ್ವಬ್ಯಾಂಕ್ ಹೊರತಂದ ಅಧ್ಯಯನ ಟೆಲಿಕಾಂ ಖರೀದಿಯ ಈ ರೀತಿಯನ್ನೇ ಪ್ರಶ್ನಿಸಿತ್ತು.

ಉಗಾಂಡಾದಲ್ಲಿ ಇನ್ನೊಂದು ಬಗೆಯ ತೊಂದರೆ ಕಾಣಿಸಿತು. ಅಲ್ಲಿ ಚೀನಾ ಎಕ್ಸಿಮ್ ಬ್ಯಾಂಕಿನ ಸುಮಾರು 10.6 ಕೋಟಿ ಡಾಲರ್ ಸಾಲದಲ್ಲಿ ಚೀನಾದ ಹುವಾವೇ ಕಂಪನಿ ದೇಶದ ಊರುಗಳನ್ನು ಜೋಡಿಸುವ ಮುಖ್ಯ ಫೈಬರ್ ಜಾಲವನ್ನು ಹಾಕಿತು. ಜಿ.655 ಬಗೆಯ ಕೇಬಲ್ ಹಾಕಬೇಕಿತ್ತು, ಜಿ.652 ಹಾಕಿದ್ದಾರೆ ಎಂಬ ಆಕ್ಷೇಪ ಎದ್ದು ಸಂಸತ್ತಿನವರೆಗೂ ಹೋಯಿತು. ಎರಡೂ ಒಳ್ಳೆಯ ಕೇಬಲ್‌ಗಳೇ. ಆದರೆ ಬಹಳ ದೂರಕ್ಕೆ, ಒಂದೇ ಎಳೆಯಲ್ಲಿ ಹಲವು ತರಂಗಗಳನ್ನು ಕಳಿಸುವಾಗ ಎರಡರ ನಡವಳಿಕೆ ಬೇರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಳ್ಳುವವರ ಪರವಾಗಿ ನಿಂತು ಪರೀಕ್ಷೆ ಮಾಡುವ ಸ್ವತಂತ್ರ ಎಂಜಿನಿಯರ್ ಮೊದಲ ದಿನದಿಂದಲೂ ಇರಬೇಕು. ಕಟ್ಟುವವರೇ ಹಣ ತರುವ ಯೋಜನೆಗಳಲ್ಲಿ ಈ ಎಂಜಿನಿಯರ್‌ನ ಕೈ ಸಹಜವಾಗಿಯೇ ದುರ್ಬಲವಾಗಿರುತ್ತದೆ.

2013: ಎರಡನೇ ಸುತ್ತು

ಮೊದಲ ನೆಟ್‌ವರ್ಕ್ ಬಂತು, ಆದರೆ ಕರೆ ಕಡಿತ, ಸಿಗ್ನಲ್ ಇಲ್ಲ ಎಂಬ ದೂರುಗಳು ನಿಲ್ಲಲಿಲ್ಲ. 2010ರ ಕೊನೆಯಲ್ಲಿ ಹಳೆಯ ನಿಗಮವನ್ನು ಎಥಿಯೋ ಟೆಲಿಕಾಂ ಎಂದು ಹೊಸದಾಗಿ ಕಟ್ಟಿ, ಆಡಳಿತವನ್ನು ಫ್ರಾನ್ಸ್ ಟೆಲಿಕಾಂಗೆ ಗುತ್ತಿಗೆ ಕೊಟ್ಟರು.

2013ರಲ್ಲಿ ಮತ್ತೆ 160 ಕೋಟಿ ಡಾಲರ್ ವಿಸ್ತರಣೆ. ಈ ಸಲ ಸರ್ಕಾರ ಒಂದು ಪಾಠ ಕಲಿತಿತ್ತು. ಕೆಲಸವನ್ನು ಹುವಾವೇ ಮತ್ತು ಝಡ್‌ಟಿಇ ನಡುವೆ 80 ಕೋಟಿಯಂತೆ ಹಂಚಿತು. ಹಣ ಮಾತ್ರ ಮತ್ತೆ ಮಾರುವವರ ಕಡೆಯಿಂದಲೇ. ಸ್ವಲ್ಪ ದಿನಕ್ಕೇ ಝಡ್‌ಟಿಇ ಜೊತೆ ಜಗಳ ಬಂತು. ಮೊದಲೇ ಹಾಕಿದ್ದ ನೆಟ್‌ವರ್ಕನ್ನು ಮೇಲ್ದರ್ಜೆಗೆ ಏರಿಸುವ ಖರ್ಚು ಯಾರದ್ದು ಎಂಬುದೇ ಜಗಳ. ಕೊನೆಗೆ ಅದರ ಪಾಲಿನ ಒಂದಷ್ಟು ಕೆಲಸವನ್ನು ಸ್ವೀಡನ್‌ನ ಎರಿಕ್ಸನ್‌ಗೆ ಕೊಟ್ಟರು.

ಈ ಜಗಳವನ್ನು ಸಣ್ಣದೆಂದು ಬಿಡುವಂತಿಲ್ಲ. ಒಂದು ಕಂಪನಿಯ ರೇಡಿಯೋ, ಅದರದ್ದೇ ಸಾಫ್ಟ್‌ವೇರ್, ಅದರದ್ದೇ ಬಿಡಿಭಾಗ. ಇವುಗಳ ಮೇಲೆ ನೆಟ್‌ವರ್ಕ್ ನಿಂತ ಮೇಲೆ ಮುಂದಿನ ಖರೀದಿಯೂ ಅಲ್ಲೇ ಮಾಡಿದರೆ ಅಗ್ಗ. ಬೇರೆಯವರನ್ನು ತಂದರೆ ಹಳೆಯದನ್ನು ಕಿತ್ತು ಹಾಕುವ ಖರ್ಚು ಸೇರಿಕೊಳ್ಳುತ್ತದೆ. ಅದಕ್ಕೇ ಮೊದಲ ಸಾಲದ ಷರತ್ತು ಮೂರನೇ, ನಾಲ್ಕನೇ ಖರೀದಿಯವರೆಗೂ ಬೆನ್ನು ಬಿಡುವುದಿಲ್ಲ. 2021ರಲ್ಲಿ ಶುರುವಾದ ಟೆಲಿಬಿರ್ ಎಂಬ ಮೊಬೈಲ್ ಹಣ ಸೇವೆಯೂ ಹುವಾವೇ ವೇದಿಕೆಯ ಮೇಲೆ ನಡೆಯುತ್ತಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನೆಟ್‌ವರ್ಕ್ ನಿಜವಾಗಿಯೂ ಬಂತು. 2024ರ ಮಧ್ಯಕ್ಕೆ ಎಥಿಯೋ ಟೆಲಿಕಾಂ ಗ್ರಾಹಕರ ಸಂಖ್ಯೆ 7.8 ಕೋಟಿ ದಾಟಿತ್ತು. ಕಾಗದದ ಮೇಲೆ ಉಳಿದುಹೋದ ಯೋಜನೆ ಇದಲ್ಲ. ಹಳ್ಳಿಯ ಕಾಫಿ ಬೆಳೆಗಾರ ರಾಜಧಾನಿ ಆಡಿಸ್ ಅಬಾಬಾದ ದರ ಕೇಳಿ ತಿಳಿಯುವುದು ಇದೇ ಟವರ್‌ಗಳಿಂದ.

ಆದಾಯ ಬಿರ್‌ನಲ್ಲಿ ಏರಿತು, ಡಾಲರ್‌ನಲ್ಲಿ ಇಳಿಯಿತು

ಮೊದಲು ಹೇಳಿದ ಗೊಂದಲದ ಗಂಟು ಇರುವುದು ಇಲ್ಲಿ. ಎಥಿಯೋಪಿಯಾದ ಜನ ಫೋನ್ ಬಿಲ್ ಕಟ್ಟುವುದು ಬಿರ್‌ನಲ್ಲಿ. ಸಾಲದ ಕಂತು ಕಟ್ಟಬೇಕಾದ್ದು ಡಾಲರ್‌ನಲ್ಲಿ. ಎರಡರ ನಡುವೆ ವಿನಿಮಯ ದರ ಇದೆ.

2024ರ ಜುಲೈನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 340 ಕೋಟಿ ಡಾಲರ್ ನೆರವಿನ ಯೋಜನೆಗೆ ಒಪ್ಪಿತು. ಅದೇ ತಿಂಗಳು 29ರಂದು ಎಥಿಯೋಪಿಯಾ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಯವರೆಗೆ ಡಾಲರ್‌ಗೆ ಸುಮಾರು 57 ಬಿರ್ ಇತ್ತು. ಕೆಲವೇ ವಾರಗಳಲ್ಲಿ 100 ದಾಟಿತು, ವರ್ಷದ ಕೊನೆಗೆ 120ನ್ನೂ ದಾಟಿತು.

ಈಗ ಲೆಕ್ಕ ಹಾಕಿ ನೋಡೋಣ. ಎಥಿಯೋ ಟೆಲಿಕಾಂನ ಹಿಂದಿನ ವರ್ಷದ ಆದಾಯ ಸುಮಾರು 9,370 ಕೋಟಿ ಬಿರ್. ಡಾಲರ್‌ಗೆ 57ರಂತೆ ಅದು ಸುಮಾರು 164 ಕೋಟಿ ಡಾಲರ್. ಮುಂದಿನ ವರ್ಷದ ಆದಾಯ 16,200 ಕೋಟಿ ಬಿರ್. ಡಾಲರ್‌ಗೆ 120ರಂತೆ ಹಿಡಿದರೆ 135 ಕೋಟಿ ಡಾಲರ್. ಬಿರ್‌ನಲ್ಲಿ ಶೇ 73 ಏರಿಕೆ, ಡಾಲರ್‌ನಲ್ಲಿ ಇಳಿಕೆ. 10 ಕೋಟಿ ಡಾಲರ್ ಕಂತು ಕಟ್ಟಲು ಮೊದಲು 570 ಕೋಟಿ ಬಿರ್ ಸಾಕಾಗುತ್ತಿತ್ತು. ಈಗ 1,200 ಕೋಟಿ ಬೇಕು. ಸಾಲ ಕೊಟ್ಟವರು ಒಂದು ಪೈಸೆಯೂ ಹೆಚ್ಚು ಕೇಳಿಲ್ಲ, ಆದರೂ ಹೊರೆ ಎರಡು ಪಟ್ಟು ಆಯಿತು.

ದರಕ್ಕಿಂತ ಮೊದಲೇ ಇದ್ದ ಕಷ್ಟ ಡಾಲರ್ ಸಿಗದೇ ಇದ್ದದ್ದು. ದೇಶಕ್ಕೆ ಡಾಲರ್ ತರುವುದು ಮುಖ್ಯವಾಗಿ ಕಾಫಿ, ಚಿನ್ನ, ಹೂವು ಮತ್ತು ಎಥಿಯೋಪಿಯನ್ ಏರ್‌ಲೈನ್ಸ್. ಬಂದ ಡಾಲರ್‌ಗೆ ಇಂಧನ, ಔಷಧ, ಗೊಬ್ಬರ ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. ಹೊರದೇಶದ ಕರೆಗಳಿಂದ ಬರುವ ಅಲ್ಪಸ್ವಲ್ಪ ಬಿಟ್ಟರೆ ಟೆಲಿಕಾಂ ಡಾಲರ್ ದುಡಿಯುವ ಉದ್ಯಮವೇ ಅಲ್ಲ. ಅಂಥ ಉದ್ಯಮವನ್ನು ಬಹುಪಾಲು ಡಾಲರ್ ಸಾಲದಲ್ಲಿ ಕಟ್ಟಿದ್ದೇ ಈ ಕಥೆಯ ದೊಡ್ಡ ಅಪಾಯ. ಸಾಲ ಕೊಟ್ಟವರು ಚೀನಾದವರು ಎನ್ನುವುದು ಇದರ ನಂತರದ ಮಾತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶ ಇದೇ, ಮತ್ತು ಚರ್ಚೆಗಳಲ್ಲಿ ತೀರಾ ಕಡಿಮೆ ಕೇಳಿಸುವುದೂ ಇದೇ.

ಇನ್ನು ದೇಶ ಕಂತು ತಪ್ಪಿಸಿದ್ದು ಟೆಲಿಕಾಂ ಒಂದರಿಂದಲೇ ಅಲ್ಲ. ಕೋವಿಡ್, 2020ರಿಂದ 2022ರವರೆಗೆ ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ನಡೆದ ಯುದ್ಧ, ಸಾಲದಲ್ಲಿ ಕಟ್ಟಿದ ರೈಲು ಮಾರ್ಗ ಮತ್ತು ಸಕ್ಕರೆ ಕಾರ್ಖಾನೆಗಳು ಎಲ್ಲ ಸೇರಿ ಈ ಸ್ಥಿತಿ ಬಂತು. ಸಕ್ಕರೆ ಕಾರ್ಖಾನೆಗಳ ಸಾಲದಲ್ಲಿ ಭಾರತದ ಎಕ್ಸಿಮ್ ಬ್ಯಾಂಕ್‌ನ ಹಣವೂ ಇದೆ. 2023ರ ಡಿಸೆಂಬರ್‌ನಲ್ಲಿ ತಪ್ಪಿದ 3.3 ಕೋಟಿ ಡಾಲರ್ ಕಂತು ಕೂಡ ಚೀನಾದ್ದಲ್ಲ, ಬಾಂಡ್ ಕೊಂಡ ಖಾಸಗಿ ಹೂಡಿಕೆದಾರರದ್ದು.

ಬಲೆಯೋ, ಬಂಡವಾಳವೋ

ಇದು ಸಾಲದ ಬಲೆ ಎಂಬ ವಾದವನ್ನು 2017ರಲ್ಲಿ ಜೋರಾಗಿ ಮುಂದಿಟ್ಟವರು ಭಾರತದ ವಿಶ್ಲೇಷಕ ಬ್ರಹ್ಮ ಚೆಲ್ಲಾನಿ. ತೀರಿಸಲಾಗದಷ್ಟು ಸಾಲ ಕೊಟ್ಟು, ನಂತರ ಆ ದೇಶದ ಆಯಕಟ್ಟಿನ ಆಸ್ತಿ ಮತ್ತು ರಾಜಕೀಯದ ಮೇಲೆ ಚೀನಾ ಹಿಡಿತ ಸಾಧಿಸುತ್ತದೆ ಎಂಬುದು ವಾದದ ತಿರುಳು. ಅಮೆರಿಕದ ಸರ್ಕಾರಗಳೂ ಇದನ್ನೇ ಹೇಳುತ್ತಾ ಬಂದವು.

ಆಫ್ರಿಕಾದಲ್ಲಿನ ಚೀನಾ ಸಾಲಗಳನ್ನು ವರ್ಷಗಟ್ಟಲೆ ಲೆಕ್ಕ ಹಾಕಿರುವ ಡೆಬೋರಾ ಬ್ರೌಟಿಗಮ್ ಥರದ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಆಸ್ತಿ ಕಿತ್ತುಕೊಂಡ ಉದಾಹರಣೆ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಸಾಲ ಕೇಳಿದ್ದು ಆಫ್ರಿಕಾದ ಸರ್ಕಾರಗಳೇ, ಬಹಳ ಸಲ ಚೀನಾ ಕಂತು ಮುಂದೂಡಿದೆ ಎಂದೂ ನೆನಪಿಸುತ್ತಾರೆ. ಎಥಿಯೋಪಿಯಾದಲ್ಲೂ ಚೀನಾ ಟವರ್‌ಗಳನ್ನು ಜಪ್ತಿ ಮಾಡಿಲ್ಲ.

ನನಗೆ ಎರಡನೇ ವಾದವೇ ವಾಸ್ತವಕ್ಕೆ ಹತ್ತಿರ ಅನ್ನಿಸುತ್ತದೆ. ಆದರೆ ಬಲೆ ಅಲ್ಲ ಎಂದ ಮಾತ್ರಕ್ಕೆ ಒಪ್ಪಂದ ಒಳ್ಳೆಯದು ಎಂದಾಗುವುದಿಲ್ಲ. 2021ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಏಡ್‌ಡೇಟಾ ಮತ್ತು ಇತರ ಸಂಸ್ಥೆಗಳ ಸಂಶೋಧಕರು ಚೀನಾದ 100 ಸಾಲ ಪತ್ರಗಳನ್ನು ಓದಿದರು. ಹಲವು ಪತ್ರಗಳಲ್ಲಿ ಷರತ್ತುಗಳನ್ನು ಗುಟ್ಟಾಗಿಡಬೇಕು ಎಂಬ ಕರಾರಿತ್ತು. ಸುಮಾರು ಮುಕ್ಕಾಲು ಪಾಲು ಪತ್ರಗಳಲ್ಲಿ, ಸಾಲ ಕೊಟ್ಟ ಉಳಿದವರ ಜೊತೆ ಸೇರಿಸಿ ಈ ಸಾಲವನ್ನು ಮರುಹೊಂದಿಸಬಾರದು ಎಂಬ ಅರ್ಥದ ಕರಾರಿತ್ತು. ಗುಟ್ಟಿನ ಪರಿಣಾಮ ನೇರವಾದದ್ದು. ತಮ್ಮ ಹೆಸರಿನಲ್ಲಿ ಎಷ್ಟು ಬಡ್ಡಿಗೆ, ಯಾವ ಖಾತರಿಯ ಮೇಲೆ ಸಾಲ ತಂದಿದ್ದಾರೆ ಎಂದು ಅಲ್ಲಿನ ಜನಕ್ಕೂ ಸಂಸತ್ತಿಗೂ ಗೊತ್ತಾಗುವುದಿಲ್ಲ. ಸಾಲ ಕೊಟ್ಟ ಉಳಿದವರಿಗೂ ಗೊತ್ತಾಗದೆ ಮರುಹೊಂದಾಣಿಕೆ ವರ್ಷಗಟ್ಟಲೆ ಎಳೆಯುತ್ತದೆ. ಎಥಿಯೋಪಿಯಾ ಬಡ ದೇಶಗಳ ಸಾಲ ಮರುಹೊಂದಿಸುವ ಜಿ20 ಚೌಕಟ್ಟಿನಲ್ಲಿ ಅರ್ಜಿ ಹಾಕಿದ್ದು 2021ರ ಆರಂಭದಲ್ಲಿ. ಒಪ್ಪಂದ ಕೈಗೆ ಬಂದಿದ್ದು ನಾಲ್ಕು ವರ್ಷ ದಾಟಿದ ಮೇಲೆ. ನಡುವೆ ಯುದ್ಧ ಇತ್ತು, ನಿಜ. ಯುದ್ಧವಿಲ್ಲದ ಜಾಂಬಿಯಾಕ್ಕೂ ಕಂತು ತಪ್ಪಿದ 2020ರ ನವೆಂಬರ್‌ನಿಂದ 2023ರ ಜೂನ್‌ವರೆಗೆ ಕಾಯಬೇಕಾಯಿತು. ಅಲ್ಲಿ ಚೀನಾ ಎಕ್ಸಿಮ್ ಬ್ಯಾಂಕ್ ಸಾಲ ಕೊಟ್ಟ ಸರ್ಕಾರಗಳ ಪಟ್ಟಿಗೆ ಬಂತು, ಚೀನಾ ಡೆವಲಪ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟ ಖಾಸಗಿಯವರ ಪಟ್ಟಿಗೆ ಹೋಯಿತು. ಎರಡೂ ಚೀನಾ ಸರ್ಕಾರದ ಬ್ಯಾಂಕ್‌ಗಳೇ ಅಲ್ವಾ? ಯಾವ ಪಟ್ಟಿಯಲ್ಲಿ ಇದ್ದಾರೆ ಎಂಬುದರ ಮೇಲೆ ಎಷ್ಟು ಬಿಟ್ಟುಕೊಡಬೇಕು ಎಂಬುದು ತೀರ್ಮಾನವಾಗುತ್ತದೆ.

ಕದ್ದು ಕೇಳುವವರು ಯಾರು

ಭದ್ರತೆಯ ಪ್ರಶ್ನೆಯೂ ಇದೆ. ಚೀನಾ ಕಟ್ಟಿಕೊಟ್ಟ ಆಫ್ರಿಕನ್ ಯೂನಿಯನ್ ಕಚೇರಿಯಿಂದ ರಾತ್ರಿ ಹೊತ್ತು ಶಾಂಘೈಗೆ ಮಾಹಿತಿ ಹೋಗುತ್ತಿತ್ತು ಎಂದು 2018ರಲ್ಲಿ ಫ್ರಾನ್ಸ್‌ನ ಲ ಮೋಂದ್ ಪತ್ರಿಕೆ ಬರೆಯಿತು. ಆ ಕಚೇರಿ ಇರುವುದು ಆಡಿಸ್ ಅಬಾಬಾದಲ್ಲೇ. ಚೀನಾ ಅದನ್ನು ಅಲ್ಲಗಳೆಯಿತು.

ಆದರೆ ಸಾಮಾನ್ಯ ಎಥಿಯೋಪಿಯನ್ನರಿಗೆ ಹೆಚ್ಚು ತಟ್ಟಿದ್ದು ಅವರದ್ದೇ ಸರ್ಕಾರದ ಕಣ್ಗಾವಲು. ಝಡ್‌ಟಿಇ ಕೊಟ್ಟ ಗ್ರಾಹಕರ ದತ್ತಾಂಶ ವ್ಯವಸ್ಥೆಯ ಮೂಲಕ ಕರೆಗಳ ವಿವರ ಅಧಿಕಾರಿಗಳ ಕೈಗೆ ಸುಲಭವಾಗಿ ಸಿಗುತ್ತಿತ್ತು ಎಂದು ಹ್ಯೂಮನ್ ರೈಟ್ಸ್ ವಾಚ್ 2014ರಲ್ಲಿ ವರದಿ ಮಾಡಿತು. ಅದೇ ವರದಿಯಲ್ಲಿ ಯುರೋಪಿನ ಕಂಪನಿಗಳ ಗೂಢಚಾರಿ ತಂತ್ರಾಂಶಗಳ ಉಲ್ಲೇಖವೂ ಇದೆ. ದೇಶಕ್ಕೆಲ್ಲ ಒಂದೇ ಸರ್ಕಾರಿ ಕಂಪನಿ ಇದ್ದಾಗ ಯಾರ ಉಪಕರಣವಾದರೂ ಈ ಕೆಲಸ ಸುಲಭ. ಟಿಗ್ರೇ ಯುದ್ಧದಲ್ಲಿ ಆ ಇಡೀ ಪ್ರದೇಶದ ಸಂಪರ್ಕ ಕಡಿದುಹೋದಾಗ ಜನರಿಗೆ ಬೇರೆ ಕಂಪನಿಯ ಸಿಮ್ ಹಾಕಿಕೊಳ್ಳುವ ದಾರಿ ಇರಲಿಲ್ಲ.

ಭಾರತ ನಡೆದ ಎರಡು ದಾರಿ

ಈ ಸಾಲದ ಮಾದರಿ ನಮಗೆ ಹೊಸದಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2010ರಲ್ಲಿ ಚೀನಾ ಡೆವಲಪ್‌ಮೆಂಟ್ ಬ್ಯಾಂಕಿನಿಂದ 193 ಕೋಟಿ ಡಾಲರ್ ಸಾಲ ಪಡೆಯಿತು. ಅದರಲ್ಲಿ 60 ಕೋಟಿ ಚೀನಾದ ಉಪಕರಣ ಕೊಳ್ಳಲು. ಕಂಪನಿ ಮುಳುಗಿದಾಗ ಅದೇ ಬ್ಯಾಂಕ್ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. ಇನ್ನೊಂದು ಸಾಲಕ್ಕೆ ಸಂಬಂಧಿಸಿ ಚೀನಾದ ಮೂರು ಬ್ಯಾಂಕ್‌ಗಳಿಗೆ ಸುಮಾರು 71.7 ಕೋಟಿ ಡಾಲರ್ ಕೊಡಬೇಕೆಂದು 2020ರಲ್ಲಿ ಲಂಡನ್ ಕೋರ್ಟ್ ಅನಿಲ್ ಅಂಬಾನಿಗೆ ಆದೇಶ ಮಾಡಿತು. ಸಾಲ ಮಾಡಿದ್ದು ಖಾಸಗಿಯವರಾದ್ದರಿಂದ ವ್ಯಾಜ್ಯ ಕೋರ್ಟಿನಲ್ಲೇ ಉಳಿಯಿತು, ಆ ಸಾಲ ತೀರಿಸುವ ಹೊಣೆ ದೇಶದ ಖಜಾನೆಯ ಮೇಲೆ ಬೀಳಲಿಲ್ಲ.

ಬಿಎಸ್‌ಎನ್‌ಎಲ್ ದಾರಿ ಬೇರೆ. 2020ರಲ್ಲಿ ಚೀನಾ ಉಪಕರಣ ಬೇಡ ಎಂದು 4ಜಿ ಟೆಂಡರ್ ಕೈಬಿಟ್ಟರು. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್, ಟಿಸಿಎಸ್ ಮತ್ತು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಇಲ್ಲಿಯೇ ಉಪಕರಣ ತಯಾರಿಸಿದವು. ಹಣ ಬಂದಿದ್ದು ಬಜೆಟ್‌ನಿಂದ, ರೂಪಾಯಿಯಲ್ಲಿ. 2022ರ ಪ್ಯಾಕೇಜ್ ಒಂದೇ 1.64 ಲಕ್ಷ ಕೋಟಿ. ಆದರೂ ದೇಶವ್ಯಾಪಿ 4ಜಿ ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಗ್ರಾಹಕರು ಬೇರೆ ಕಂಪನಿಗಳ ಕಡೆ ಹೋಗಿದ್ದರು. ಕಾಯಲು ನಮ್ಮಲ್ಲಿ ಬೇರೆ ಕಂಪನಿಗಳಿದ್ದವು, ತಯಾರಿಸಲು ಎಂಜಿನಿಯರ್‌ಗಳಿದ್ದರು. 2006ರ ಎಥಿಯೋಪಿಯಾಕ್ಕೆ ಈ ಎರಡೂ ಇರಲಿಲ್ಲ. ಅವರು ಸುಮ್ನೆ ಚೀನಾಕ್ಕೆ ಶರಣಾದರು ಎಂದು ಇಲ್ಲಿ ಕೂತು ಹೇಳುವುದು ನ್ಯಾಯವಲ್ಲ.

ಮುಂದೇನು

ಎಥಿಯೋಪಿಯಾ ಈಗ ಬಾಗಿಲು ತೆರೆದಿದೆ. 2021ರಲ್ಲಿ ಕೀನ್ಯಾದ ಟೆಲಿಕಾಂ ಕಂಪನಿ ಸಫಾರಿಕಾಂ ನೇತೃತ್ವದ ಕೂಟ 85 ಕೋಟಿ ಡಾಲರ್‌ಗೆ ಎರಡನೇ ಲೈಸೆನ್ಸ್ ಪಡೆಯಿತು. ಎದುರಾಳಿಯಾಗಿದ್ದ ದಕ್ಷಿಣ ಆಫ್ರಿಕಾದ ಎಂಟಿಎನ್ ಕಂಪನಿಯ ಬೆನ್ನಿಗೆ ಚೀನಾದ ಸರ್ಕಾರಿ ಹೂಡಿಕೆ ನಿಧಿ ಸಿಲ್ಕ್ ರೋಡ್ ಫಂಡ್ ಇತ್ತು. ಸಫಾರಿಕಾಂ ಕೂಟಕ್ಕೆ ಅಮೆರಿಕದ ಅಭಿವೃದ್ಧಿ ಹಣಕಾಸು ಸಂಸ್ಥೆ 50 ಕೋಟಿ ಡಾಲರ್‌ವರೆಗಿನ ಸಾಲದ ಭರವಸೆ ಕೊಟ್ಟಿತ್ತು. ಆ ಹಣದಲ್ಲಿ ಚೀನಾ ಉಪಕರಣ ಕೊಳ್ಳಬಾರದು ಎಂಬ ಷರತ್ತಿದೆ ಎಂದು ಆಗ ವರದಿಯಾಯಿತು. ಸಾಲದ ಜೊತೆ ಉಪಕರಣದ ಆಯ್ಕೆಯನ್ನು ಕಟ್ಟುವುದು ಚೀನಾ ಒಂದೇ ಮಾಡುವ ಕೆಲಸವಲ್ಲ ಎಂದಾಯಿತು.

ದೇಶದ ಒಳಗೇ ಹಣ ಎತ್ತುವ ಪ್ರಯತ್ನವೂ ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಎಥಿಯೋ ಟೆಲಿಕಾಂ ತನ್ನ ಶೇ 10 ಪಾಲನ್ನು ಜನರಿಗೆ ಮಾರಲು ಇಟ್ಟಿತು. ಷೇರಿಗೆ 300 ಬಿರ್, ಕನಿಷ್ಠ 33 ಷೇರು, ಟೆಲಿಬಿರ್ ಆ್ಯಪ್‌ನಲ್ಲೇ ಖರೀದಿ. 10 ಕೋಟಿ ಷೇರುಗಳಲ್ಲಿ ಹೋಗಿದ್ದು ಸುಮಾರು 1.07 ಕೋಟಿ. ಬಂದ ಹಣ 320 ಕೋಟಿ ಬಿರ್, ಅಂದರೆ ಹೆಚ್ಚುಕಡಿಮೆ ಎರಡೂವರೆ ಕೋಟಿ ಡಾಲರ್. 2013ರ 160 ಕೋಟಿ ಡಾಲರ್ ಗುತ್ತಿಗೆಯ ಪಕ್ಕದಲ್ಲಿ ಇಟ್ಟರೆ ದೇಶೀ ಬಂಡವಾಳಕ್ಕೆ ಇನ್ನೂ ಎಷ್ಟು ದೂರ ಇದೆ ಎಂದು ಗೊತ್ತಾಗುತ್ತದೆ. ಶೇ 45 ಪಾಲನ್ನು ವಿದೇಶಿ ಕಂಪನಿಗೆ ಮಾರುವ ಯೋಜನೆಯಿಂದ ಫ್ರಾನ್ಸ್‌ನ ಆರೆಂಜ್ 2023ರಲ್ಲಿ ಹಿಂದೆ ಸರಿಯಿತು.

ಚೀನಾದ ಹಣದ ಹರಿವೂ ಕಡಿಮೆಯಾಗಿದೆ. ಬಾಸ್ಟನ್ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಆಫ್ರಿಕಾಕ್ಕೆ ಚೀನಾ ಕೊಟ್ಟ ಸಾಲ 2016ರಲ್ಲಿ 2,800 ಕೋಟಿ ಡಾಲರ್ ದಾಟಿತ್ತು. 2023ರಲ್ಲಿ ಅದು 460 ಕೋಟಿಯ ಆಸುಪಾಸಿಗೆ ಇಳಿಯಿತು.

2025ರ ಒಪ್ಪಂದ ಚೌಕಟ್ಟು ಮಾತ್ರ. ಅದರ ಮೇಲೆ ಸಾಲ ಕೊಟ್ಟ ಪ್ರತಿ ದೇಶದ ಜೊತೆ ಪ್ರತ್ಯೇಕ ಒಪ್ಪಂದ ಆಗಬೇಕು. ಯಾವ ಸಾಲಕ್ಕೆ ಎಷ್ಟು ರಿಯಾಯಿತಿ ಎಂಬುದು ಅಲ್ಲೇ ನಿರ್ಧಾರವಾಗುವುದು. ಮೊದಲ ಕೆಲವು ವರ್ಷದ ಬಿಡುವು 2028ಕ್ಕೆ ಮುಗಿಯುತ್ತದೆ. 2013ರ ಗುತ್ತಿಗೆಯಲ್ಲಿ ಬಂದ ರೇಡಿಯೋ ಉಪಕರಣಗಳಿಗೆ ಆ ಹೊತ್ತಿಗೆ ಸುಮಾರು ಹದಿನೈದು ವರ್ಷವಾಗಿರುತ್ತದೆ. ಅವನ್ನು ಬದಲಿಸುವ ಖರ್ಚು ಮತ್ತು ಹಳೆಯ ಸಾಲದ ಮುಂದೂಡಿದ ಕಂತು ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಆಗ ಎಥಿಯೋಪಿಯಾ ಮುಕ್ತ ಟೆಂಡರ್ ಕರೆಯುತ್ತದೋ, ಸಾಲ ತಂದುಕೊಡುವವರ ಉಪಕರಣವನ್ನೇ ಮತ್ತೆ ಕೊಳ್ಳುತ್ತದೋ ಎಂಬುದು ಅಷ್ಟರೊಳಗೆ ಅದು ಎಷ್ಟು ಡಾಲರ್ ಕೂಡಿಡುತ್ತದೆ ಎಂಬುದರ ಮೇಲೆ ನಿಂತಿದೆ.